ಬಾವಿಯ ಕಟ್ಟೆಯ ಮೇಲಿನ ಪಂದ್ಯ

ಗದಗ ಹೊಸ ಜಿಲ್ಲೆಯಾದ ಮೇಲಿನ ಮೊದಲ ಬೇಸಿಗೆ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿದ್ದು ಕಾಲೇಜು ಓದುತ್ತಿದ್ದ ದೊಡ್ಡಪ್ಪನ ಮಗಳು, ನಮಗೆಲ್ಲ ಅಕ್ಕ, ರಜೆಗೆ ನಮ್ಮೂರು ಅಡರಕಟ್ಟಿಗೆ ಬರುವಾಗ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದರ ಎರಡನೆಯ ಭಾಗವನ್ನು ತಂದಿದ್ದಳು. ಅದರ ಮೊದಲ ಭಾಗವನ್ನು ಹಿಂದಿನ ರಜೆಯಲ್ಲೇ ನಮ್ಮ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಈ ಎರಡನೆಯ ಭಾಗದಲ್ಲಿ ಮಂತ್ರವಿದ್ಯೆ ಕಲಿತ ಹುಡುಗಿ ಒಂದು ಪಂದ್ಯಕ್ಕೆ ಸಿಕ್ಕಿಬೀಳುತ್ತಾಳೆ. ಸೋತವರಿಗೆ ಸಾವು, ನಡುವೆ ಬಿಟ್ಟು ಬರುವಂತಿಲ್ಲ. ಕಣ್ಣು ಕಟ್ಟಿಕೊಂಡು ಕಂದರದ ಅಂಚಿನಲ್ಲಿ ನಡೆಯಬೇಕು. ಅಂಜದವರ ಪಾದವನ್ನು ಕಲ್ಲೇ ಹಿಡಿದುಕೊಳ್ಳುತ್ತದೆ.

ನನಗಾಗ ಹದಿಮೂರು. ನಂಬಿಬಿಟ್ಟೆ.

ಮರುದಿನ ಮಧ್ಯಾಹ್ನ ಹೊಲದ ಬಾವಿಯ ಕಟ್ಟೆ ಹತ್ತಿ, ಓಢಣಿಯಿಂದ ಕಣ್ಣು ಕಟ್ಟಿಕೊಂಡೆ. ತಂಗಿ ಕೆಳಗೆ ನಿಂತು ಮಂತ್ರ ಹೇಳುತ್ತಿದ್ದಳು. ಕಾದ ಕಲ್ಲು ಅಂಗಾಲು ಸುಡುತ್ತಿತ್ತು. ಸ್ವಲ್ಪ ದೂರ ಚೆನ್ನಾಗಿಯೇ ನಡೆದೆ. ಆಮೇಲೆ ಮಂತ್ರ ನಿಂತಿತು. ಕಾಲಡಿಯ ಕಲ್ಲು ಅಲುಗಾಡಿ, ಅದರ ಚೂರೊಂದು ನೀರಿಗೆ ಬಿದ್ದ ಸದ್ದು ತಡವಾಗಿ ಕೇಳಿತು. ಬಾವಿ ಯಾವ ಕಡೆ, ಹೊಲ ಯಾವ ಕಡೆ ಎಂಬುದೇ ತಿಳಿಯದಾಯಿತು.

“ಹಂಗ ನಿಲ್ಲವ್ವಾ.” ಹೊಲದ ಕೆಲಸದಲ್ಲಿದ್ದ ಕಾಕನ ಹೆಂಡತಿ, ನಮ್ಮ ಚಿಗವ್ವನ ದನಿ. “ಕಣ್ಣ ಬಿಚ್ಚಬ್ಯಾಡ. ನಾ ಬರಾಕತ್ತೀನಿ. ಇವತ್ತ ರೊಟ್ಟಿಗೆ ಏನ್ ಪಲ್ಯಾ ಮಾಡ್ಲಿ, ಹೇಳು?”

“ಬದನಿಕಾಯಿ,” ಎಂದೆ. ಅಷ್ಟರಲ್ಲಿ ಅವಳ ಕೈ ನನ್ನ ರಟ್ಟೆ ಹಿಡಿದು ಎಳೆಯಿತು. ಇಬ್ಬರೂ ಹೊಲದ ಮಣ್ಣಿನಲ್ಲಿ ಬಿದ್ದೆವು. ಅಲ್ಲಿಯವರೆಗೆ ತಣ್ಣಗೆ ಮಾತಾಡಿದವಳು ಆಗ ಗಡಗಡ ನಡುಗತೊಡಗಿದಳು.

ಸಂಜೆ ತಂಗಿಯಿಂದ ಎಲ್ಲ ತಿಳಿದ ದೊಡ್ಡಪ್ಪ ನನಗೆ ಏನೂ ಅನ್ನಲಿಲ್ಲ. ಕಾದಂಬರಿಯನ್ನು ನೀರೊಲೆಗೆ ಹಾಕಿ ಅಕ್ಕನಿಗೆ ಹೇಳಿದ: “ಕಾಲೇಜ ಸಾಕಿನ್ನ. ಓದಿ ಓದಿ ಹುಡುಗೂರ್ನ ಬಾವಿಗಿ ಹಾಕ್ತಿ.”

ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅಕ್ಕನದೇನೂ ತಪ್ಪಿಲ್ಲ ಎನ್ನಲು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ತಡೆದಳು. ಮಾತಾಡಿದವಳು ಚಿಗವ್ವ. ದೊಡ್ಡಪ್ಪನೆದುರು ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

“ಭಾವಾರ, ಕಟ್ಟಿ ಕಲ್ಲು ಸಡ್ಲಾಗಿ ಎಷ್ಟ ದಿನಾ ಆತ್ರಿ? ಅದನ್ನ ಗಟ್ಟಿ ಮಾಡಸ್ರಿ. ಅಕಿ ಓದೂದ್ಯಾಕ ಬಿಡಸ್ತೀರಿ?”

ದೊಡ್ಡಪ್ಪ ಎದ್ದು ಹೊರಗೆ ಹೋದ.

ರಜೆ ಮುಗಿಯುವವರೆಗೂ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಕಾಲೇಜು ಶುರುವಾದ ದಿನ ಚಿಗವ್ವನೇ ಅಕ್ಕನ ಚೀಲ ಹೊತ್ತು ಗದಗಿನ ಬಸ್ಸಿಗೆ ಹತ್ತಿಸಿದಳು. ದೊಡ್ಡಪ್ಪ ಹೋಗು ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಕ್ಕ ಡಿಗ್ರಿ ಮುಗಿಸಿದಳು. ರಜೆಗೆ ಬಂದಾಗಲೆಲ್ಲ ನನ್ನ ಜಡೆ ಹೆಣೆಯುತ್ತಿದ್ದಳು, ಲೆಕ್ಕ ಹೇಳಿಕೊಡುತ್ತಿದ್ದಳು. ಕಥೆ ಹೇಳು ಎಂದು ಕೇಳಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ.