ಜೇನು ಹಚ್ಚಿದ ಬೆರಳು

ಕಡೂರಿನ ಹೆರಿಗೆ ವಾರ್ಡಿಗೆ ಬೀಗಿತ್ತಿ ಜೇನಿನ ಶೀಶೆ ಹಿಡಿದೇ ಬಂದರು. ಮೊದಲು ಜೇನು ನೆಕ್ಕಿಸಿದವರ ಗುಣವೇ ಮಗುವಿಗೆ ಬರುತ್ತದೆಂದು ನಮ್ಮ ಕಡೆ ನಂಬಿಕೆ. ಹುಟ್ಟಿದ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದೆಂದು ಸಂಶೋಧನಾ ಲೇಖನ ಪ್ರಕಟಿಸಿದವಳು ನಾನು. ಆದರೆ ಬೀಗಿತ್ತಿ ಚೌಳಹಿರಿಯೂರಿನಲ್ಲಿ ಮಾತಾಡಿದರೆ ಯಗಟಿಗೆ ಕೇಳಿಸುತ್ತದೆ. ಆ ಗಂಟಲು, ಆ ಹಠ ನನ್ನ ಮೊಮ್ಮಗಳಿಗೆ ಬಂದರೆ ಗತಿಯೇನು? ಅವರು ಕೈ ತೊಳೆಯಲು ಹೋದದ್ದೇ ತಡ, ಶೀಶೆಗೆ ಬೆರಳು ಅದ್ದಿ ಮಗುವಿನ ಬಾಯಿಯತ್ತ ಒಯ್ದೆ.

ಮಗಳು ಮಲಗಿದ್ದಲ್ಲಿಂದಲೇ ನನ್ನ ಕೈ ಹಿಡಿದಳು. “ನಿನ್ ಲೇಖನ ನಾನೂ ಓದಿದ್ದೀನಿ ಕಣಮ್ಮ. ಆ ಬೆರಳ್ನ ನೀನೇ ಚೀಪ್ಕೋ.”

ಬೀಗಿತ್ತಿ ಒಳಬಂದಾಗ ನನ್ನ ಬೆರಳು ನನ್ನ ಬಾಯಲ್ಲೇ ಇತ್ತು.

ಮಗುವಿನ ಬಾಯಿಗೆ ಯಾರ ಜೇನೂ ಬೀಳಲಿಲ್ಲ. ಆದರೂ ಅದು ರಚ್ಚೆ ಹಿಡಿದಾಗಲೆಲ್ಲ ಬೀಗಿತ್ತಿ ನನ್ನನ್ನೇ ನೋಡುತ್ತಾರೆ: “ಥೇಟ್ ನಿಮ್ದೇ ಗುಣ ಕಣ್ರೀ!”