ಬಳೆಚೂರಿನ ಸರ

ಮೊನ್ನೆ ಭಾನುವಾರ ಮಧ್ಯಾಹ್ನ ಪಡಸಾಲೆಯಿಂದ ಉಗುರು ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಮಗಳು ಮೇಣದಬತ್ತಿ ಹಚ್ಚಿಕೊಂಡು ಕುಳಿತಿದ್ದಳು. ಮೊಬೈಲಿನಲ್ಲಿ ಯಾರೋ ಬಳೆಚೂರಿನಿಂದ ಸರ ಮಾಡುವುದನ್ನು ತೋರಿಸುತ್ತಿದ್ದರು. ಇವಳು ಹಸಿರು ಗಾಜಿನ ಚೂರೊಂದನ್ನು ಬರಿಗೈಯಲ್ಲಿ ಬೆಂಕಿಗೆ ಹಿಡಿದು ಬೆರಳು ಸುಟ್ಟುಕೊಂಡಿದ್ದಳು. ಪಕ್ಕದಲ್ಲಿ ನನ್ನ ಟ್ರಂಕಿನ ತಳದಲ್ಲಿದ್ದ ಬಟ್ಟೆಗಂಟು ಬಿಚ್ಚಿ ಬಿದ್ದಿತ್ತು. ಅದರೊಳಗಿನ ಡಜನ್ ಬಳೆಗಳಲ್ಲಿ ನಾಲ್ಕನ್ನು ಆಗಲೇ ಒಡೆದಿದ್ದಳು.

ಬೈಯಲು ಬಾಯಿ ತೆರೆದವಳು ಬೈಯುವುದು ಬಿಟ್ಟು ಉಳಿದ ಎಂಟನ್ನು ಎಣಿಸಿದೆ. ಆ ಬಳೆಗಳು ನನ್ನವಲ್ಲ, ಎದುರುಮನೆ ಕಾಕುವಿನವು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ.

ನನ್ನ ತವರಿನಲ್ಲಿ, ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ನಮ್ಮ ಬಾಗಿಲು ತೆರೆದರೆ ಅವಳ ಬಾಗಿಲು. ಎದುರಿಗೆ 'ಕಾಕು' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಇವತ್ತಿಗೂ ಅವಳು ಏಕವಚನವೇ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಯಾರ ಅಂಗಳದಲ್ಲಿ ಕಸ ಬಿದ್ದಿದೆ, ಯಾರ ಸೊಸೆಯ ಸೆರಗು ತಲೆಯಿಂದ ಜಾರಿದೆ, ಎಲ್ಲವೂ ಅವಳ ಕಣ್ಣಿಗೆ ಬೀಳಬೇಕು, ಬಿದ್ದದ್ದೆಲ್ಲ ಬಾಯಿಗೆ ಬರಬೇಕು. ಆದರೆ ಕೈಯಲ್ಲಿ ಕಲೆಯಿತ್ತು, ಅದನ್ನು ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಸಿಮೆಂಟ್ ಚೀಲದ ಬಾಯಿ ಹೊಲಿದ ದಾರ ಬಿಚ್ಚಿ, ಬಣ್ಣದಲ್ಲಿ ಅದ್ದಿ, ಹೆರಳಿಗೆ ಕಟ್ಟುವ ಗೊಂಡೆ ಮಾಡುತ್ತಿದ್ದಳು. ಕಲ್ಲಂಗಡಿ ಬೀಜ ಪೋಣಿಸಿ ಕೊರಳಿಗೆ ಹಾರ. ಎಲ್ಲಕ್ಕಿಂತ ಚಂದ ಬಳೆಚೂರಿನ ಸರ.

ನನಗೆ ಅದನ್ನು ಕಲಿಸಿದವಳೂ ಅವಳೇ. ಮಧ್ಯಾಹ್ನ ಅವಳ ಮನೆಯ ಪರಸಿ ಕಲ್ಲಿನ ಕಟ್ಟೆಯ ಮೇಲೆ ಸೀಮೆಎಣ್ಣೆಯ ಚಿಮಣಿ ದೀಪ ಹಚ್ಚಿಟ್ಟು, ಚೂರನ್ನು ಚಿಮಟದಲ್ಲಿ ಹಿಡಿದು ಉರಿಗೆ ಒಡ್ಡಬೇಕು. ನಡುಭಾಗ ಕೆಂಪಾಗಿ ಮೆತ್ತಗಾದ ಕೂಡಲೇ ಬಗ್ಗಿಸಿ ಎರಡು ತುದಿ ಕೂಡಿಸಿದರೆ ಒಂದು ಕೊಂಡಿ. ಅದರೊಳಗೆ ಇನ್ನೊಂದು ಚೂರು ತೂರಿಸಿ ಮತ್ತೆ ಉರಿಗೆ. ತಪ್ಪಿದರೆ ಚಿಮಟವೇ ನನ್ನ ಬೆರಳ ಗಿಣ್ಣಿಗೆ ಬೀಳುತ್ತಿತ್ತು.

"ಕೆಂಪಾಗೂ ಮೊದ್ಲ ಮಣಿಸಬ್ಯಾಡ ಅಂತ ಎಷ್ಟ ಸಲ ಹೇಳಬೇಕು? ಇವು ಕೈಯೋ ಒನಕಿಯೋ?"

ಅವಳದೊಂದು ಕಟ್ಟಳೆಯಿತ್ತು. ಸಂತೆಯಲ್ಲಿ ಬಳೆ ಇಡಿಸುವ ಜಾಗದಲ್ಲಿ ಬಿದ್ದ ಚೂರನ್ನು ಮಾತ್ರ ಆರಿಸಿ ತರಬೇಕು. ಸಾವಾದ ಮನೆಯ ಚೂರು ಮುಟ್ಟಿದರೆ ಕೈ ಸುಡುತ್ತೇನೆ ಎಂದು ಹೆದರಿಸುತ್ತಿದ್ದಳು. ಗಂಡ ಸತ್ತವಳ ಬಳೆ ಒಡೆಯುವುದು ನಮ್ಮ ಓಣಿಯ ಪದ್ಧತಿ, ಆ ಗಾಜು ಯಾರ ಮೈಗೂ ತಾಗಬಾರದಂತೆ.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಹೋದ. ಮಣ್ಣು ಮಾಡಿ ಬಂದ ಸಂಜೆ ಅವ್ವನನ್ನು ನಲ್ಲಿಯ ಹತ್ತಿರ ಕೂಡಿಸಿದರು. ಕಲ್ಲು ಹಿಡಿದವಳು ಕಾಕು. ಅಪ್ಪ ಸೇಡಮಿನಿಂದ ತಂದಿದ್ದ ಹಸಿರು ಬಳೆ, ಮೇಲೆ ಬಿಳಿ ಚುಕ್ಕಿ... ಒಂದೊಂದು ಏಟಿಗೂ ಅವ್ವ ಕಣ್ಣು ಮುಚ್ಚುತ್ತಿದ್ದಳು. ಮಣಿಕಟ್ಟಿನಲ್ಲಿ ರಕ್ತ ಬಂತು. ಎಲ್ಲರೂ ಒಳಗೆ ಹೋದ ಮೇಲೆ ನಾನು ಆ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿ ಬಚ್ಚಿಟ್ಟೆ.

ನಾಲ್ಕು ವರ್ಷದ ನಂತರ ಅಕ್ಕನ ನಿಶ್ಚಯ. ಅವ್ವ ಅಡುಗೆಮನೆ ಬಿಟ್ಟು ಈಚೆ ಬರುವುದಿಲ್ಲ ಎಂದು ಕುಳಿತಳು. ಅಕ್ಕನೂ ಅವಳ ಮಗಳೇ.

"ಮೊದ್ಲ ಅಕ್ಷತಿ ನೀನೇ ಹಾಕಬೇಕವ್ವಾ. ನೀ ಬರಲಿಲ್ಲಂದ್ರ ನಾ ನಿಶ್ಚಯದ ಮಣಿ ಮ್ಯಾಲ ಕುಂಡ್ರಂಗಿಲ್ಲ."

ಮೂರು ದಿನ ಗೋಗರೆದ ಮೇಲೆ ಅವ್ವ ಹೂಂ ಅಂದಳು. ಆ ಖುಷಿಯಲ್ಲಿ ನಾನು ಗಂಟು ಬಿಚ್ಚಿ, ಆ ಹಸಿರು ಚೂರುಗಳನ್ನೇ ಸರ ಮಾಡಿದೆ. ಯಾರ ಬಳೆ ಎಂದು ಅಕ್ಕನಿಗೆ ಮುಚ್ಚಿಡಲಿಲ್ಲ. ಅವಳು ತಿಳಿದೇ ಕೊರಳಿಗೆ ಹಾಕಿಕೊಂಡಳು.

ಗಂಡಿನ ಕಡೆಯವರು ಚಿಂಚೋಳಿ ಕಡೆಯಿಂದ ಬಂದಿದ್ದರು. ಉಡಿ ತುಂಬಲು ಮುಂದೆ ಬಂದವಳು, ಇನ್ನಾರು, ಕಾಕು. ಅವ್ವ ಅಡುಗೆಮನೆ ಬಾಗಿಲಿಗೆ ಬಂದಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಇನ್ನೆರಡು ಹೆಜ್ಜೆ... ಅಷ್ಟರಲ್ಲಿ ಕಾಕು ಅಕ್ಕನ ಕೊರಳಿಗೆ ಕೈ ಹಾಕಿ ಸರ ಹರಿದಳು. ಜೋರಾಗೇನೂ ಕೂಗಲಿಲ್ಲ.

"ಗಂಡ ಸತ್ತಾಕಿ ಬಳಿ ಚೂರ ಇವು. ನಾ ಒಡದ ಬಳಿ ನನಗ ಗುರ್ತ ಸಿಗಂಗಿಲ್ಲೇನು? ಚಲೋ ದಿನ ಕೊಳ್ಳಾಗ ಹಾಕ್ಕೊಂಡು ಕುಂತಾಳ."

ಗಂಡಿನ ತಾಯಿ ದೊಡ್ಡ ಮನಸ್ಸಿನವರು. "ಹೋಗ್ಲಿ ಬಿಡ್ರಿ, ಸಣ್ಣ ಹುಡುಗೂರು" ಎಂದು ಮಾತು ಮುಗಿಸಿದರು. ನಿಶ್ಚಯವಾಯಿತು, ಮದುವೆಯೂ ಆಯಿತು. ಬಾಗಿಲಿಗೆ ಬಂದಿದ್ದ ಅವ್ವ ಮಾತ್ರ ತಿರುಗಿ ಒಳಗೆ ಹೋದಳು. ಅಕ್ಕ ಎಷ್ಟು ಅತ್ತರೂ ಬರಲಿಲ್ಲ. ಮದುವೆಯ ದಿನ ಅಕ್ಷತೆ ಬೀಳುವಾಗಲೂ ಅನ್ನದ ಪಾತ್ರೆಯ ಮುಂದೆ ಕುಳಿತಿದ್ದಳು. ನನ್ನ ಮದುವೆಯ ಹೊತ್ತಿಗೆ ಅವ್ವನೇ ಇರಲಿಲ್ಲ.

ಶಹಾಬಾದಿನಲ್ಲಿ ಸಂಸಾರ ಹೂಡಿ ಎಷ್ಟೋ ವರ್ಷಗಳಾದ ಮೇಲೆ ಕಾಕುವಿನ ಗಂಡ ತೀರಿಕೊಂಡ ಸುದ್ದಿ ಬಂತು. ಹೋಗದಿದ್ದರೂ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ನೋಡಲಿಕ್ಕೆಂದೇ ಹೋದೆ. ಅದೇ ನಲ್ಲಿಯ ಹತ್ತಿರ ಅವಳನ್ನು ಕೂಡಿಸಿದ್ದರು. ಓಣಿಯ ಮುದುಕಿಯೊಬ್ಬಳು ಕಲ್ಲು ಹಿಡಿದು ಬಂದಳು. ಕಾಕು ತಲೆ ಎತ್ತಿದಳು.

"ಕಲ್ಲ ಅಲ್ಲಿಡ್ರಿ. ಒಂದೀಟ ಸಬಕಾರ ತರ್ರಿ."

ಸೊಸೆ ಸೋಪಿನ ತುಂಡು ತಂದಳು. ಕಾಕು ನೊರೆ ಹಚ್ಚಿ, ಹೆಬ್ಬೆರಳು ಮಡಚಿ, ಒಂದೊಂದಾಗಿ ಜಾರಿಸಿ ತೆಗೆದಳು. ಹನ್ನೆರಡೂ ಇಡಿಯಾಗಿ ಬಂದವು, ಒಂದು ಗೀರೂ ಇಲ್ಲದೆ. ಅವಳಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಜನ ಕರಗಿದ ಮೇಲೆ ಕೇಳಿಯೇಬಿಟ್ಟೆ.

"ಸಬಕಾರ ಹಚ್ಚಿದ್ರ ಬರ್ತಾವಂತ ನಿಮಗ ಅವತ್ತೂ ಗೊತ್ತಿತ್ತಲ್ರಿ ಕಾಕು? ನಮ್ಮವ್ವಗ ಯಾಕ ಕಲ್ಲ ತಗೊಂಡ್ರಿ?"

ಅವಳು ನನ್ನ ಮುಖ ನೋಡಲಿಲ್ಲ.

"ನಿಮ್ಮವ್ವ ಸುಮ್ಮ ಕೈ ಕೊಟ್ಟಳು. ಬ್ಯಾಡ ಅನ್ಲಿಲ್ಲ."

ಅಷ್ಟು ಹೇಳಿ, ಬಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಮಡಿಲಿಗೆ ಹಾಕಿದಳು. "ತಗೋ. ನಿನ್ನ ಕಡಿ ಇರ್ಲಿ." ತಪ್ಪೊಪ್ಪಿಗೆಯೋ, ಇನ್ನೊಂದು ಏಟೋ... ವರ್ಷ ತುಂಬುವ ಮೊದಲೇ ಅವಳೂ ಹೋದಳು. ನಾನಂತೂ ಏಟೆಂದೇ ತಿಳಿದಿದ್ದೇನೆ. ಕ್ಷಮಿಸಿಲ್ಲ. ಬಳೆ ಹಾಕಿಕೊಳ್ಳಲೂ ಇಲ್ಲ, ರೈಲು ಹಳಿಯ ಮೇಲೆ ಎಸೆಯಲೂ ಇಲ್ಲ.

"ಮಮ್ಮಿ, ಬರವಲ್ದು ನೋಡು" ಎಂದು ಮಗಳು ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡಳು. ನಾನು ಒಳಗಿನಿಂದ ಚಿಮಟ ತಂದು ಪಕ್ಕದಲ್ಲಿ ಕುಳಿತೆ. ಚೂರು ಹಿಡಿದು ಉರಿಗೆ ಒಡ್ಡಿದೆ. "ಕೆಂಪಾಗೂ ಮೊದ್ಲ ಮಣಿಸಬ್ಯಾಡ" ಎಂಬ ಮಾತು ನನ್ನ ಬಾಯಿಂದಲೇ ಬಂತು, ಅದೇ ದನಿಯಲ್ಲಿ. ಮೈ ಉರಿಯಿತು. ಯಾರು ಕಲಿಸಿದರು ಎಂದು ಮಗಳು ಕೇಳಿದಾಗ ಇನ್ನೊಂದು ಚೂರು ಎತ್ತಿ ಉರಿಗೆ ಹಿಡಿದೆ.

ಸಂಜೆಗೆ ಸರ ಮುಗಿಯಿತು. ಅವಳು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಳು. "ಹ್ಯಾಂಗ ಕಾಣ್ತದ?"

ಚಂದ ಕಾಣುತ್ತದೆ ಎಂದೆ. ಹೇಳುತ್ತ ಹೇಳುತ್ತ ಅಡುಗೆಮನೆಯ ಬಾಗಿಲ ಕಡೆ ನೋಡಿದೆ, ಅವ್ವನನ್ನು ಕರೆಯುವವಳ ಹಾಗೆ. ಬಾಗಿಲಲ್ಲಿ ಯಾರೂ ಇರಲಿಲ್ಲ.