ಮಾವನ ಬಾಯಿಗೆ ಬೈಸನ್ ಸುಕ್ಕ

ಸೂಪರ್‌ಮಾರ್ಕೆಟ್ಟಿನ ಮಾಂಸದ ಫ್ರೀಝರಿನ ಮುಂದೆ ನಿಂತ ಗಂಡಸಿನ ಮುಖದಲ್ಲಿ ಒಂದು ಬಗೆಯ ಪಾಂಡಿತ್ಯ ತಾನಾಗಿಯೇ ಮೂಡುತ್ತದೆ; ಒಳಗಿನ ಪೊಟ್ಟಣಗಳ ಬಗ್ಗೆ ಅವನ ಅಜ್ಞಾನ ಹೆಚ್ಚಿದಷ್ಟೂ ಆ ಪಾಂಡಿತ್ಯ ಗಾಢವಾಗುವುದನ್ನು ನೀವೂ ಕಂಡಿರಬಹುದು. ಅಂಥ ಒಂದು ಗಂಭೀರ ಗಳಿಗೆಯಲ್ಲಿ ನಾನು ಎರಡು ಕಿಲೋ ಬೈಸನ್ ಮಾಂಸವನ್ನು ಸೌದಿಯ ಥುಕ್ಬಾದ ನಮ್ಮ ಫ್ಲಾಟಿಗೆ ಹೊತ್ತು ತಂದೆ.

ಮನೆಯಲ್ಲಿ ಮಾವನಿದ್ದರು. ಬಂಟ್ವಾಳದಲ್ಲಿ ನಲವತ್ತು ವರ್ಷ ಮಾಂಸದಂಗಡಿ ನಡೆಸಿ, ಮಗಳನ್ನು ನೋಡಲು ಮೂರು ತಿಂಗಳ ಮಟ್ಟಿಗೆ ಬಂದವರು. ಅವರ ಮಗಳು, ಅಂದರೆ ನನ್ನ ಹೆಂಡತಿ ಜುಬೈದಾ, ಆಸ್ಪತ್ರೆಯಲ್ಲಿ ನರ್ಸ್, ಶುಕ್ರವಾರವೂ ಡ್ಯೂಟಿ. ಹೀಗಾಗಿ ಶುಕ್ರವಾರದ ಪಾಕಶಾಲೆಯ ಪಟ್ಟ ನನಗೆ ಬಂದಿತ್ತು. ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ನನಗೂ ಮಾಂಸಕ್ಕೂ ಎಂತ ಸಂಬಂಧ ಎಂಬುದು ಮದುವೆಯ ದಿನದಿಂದಲೂ ಮಾವನ ಅನುಮಾನ.

ಪೊಟ್ಟಣದ ಮೇಲಿನ ಚಿತ್ರ ನೋಡಿ ಅವರು ಬೆಚ್ಚಿದರು. "ಇದು ನಮ್ಮ ಕಾಡುಕೋಣ, ಕಾಟಿ ಅಲ್ವಾ? ಫಾರೆಸ್ಟಿನವರು ಬಂದ್ರೆ?"

"ಇದು ಅಮೆರಿಕದ್ದು ಮಾಮ, ಸಾಕಿದ್ದು. ಹಲಾಲ್ ಮುದ್ರೆ ಉಂಟು."

"ಹಾಗಾದ್ರೆ ಕುಕ್ಕರಿಗೆ ಹಾಕು. ಎಂಟು ವಿಸಿಲ್."

ಒಂದು ಕಿಲೋ ಹಾಕಿ ಗುರುವಾಕ್ಯ ಪರಿಪಾಲಿಸಿದೆ. ಕುಕ್ಕರ್ ತೆರೆದಾಗ ಒಳಗಿದ್ದದ್ದು ಮಾಂಸವಲ್ಲ, ಒಣಗಿದ ತೆಂಗಿನ ನಾರು. ಮಾವ ಒಂದು ತುಂಡನ್ನು ಬಹುಕಾಲ ಜಗಿದು, ತಟ್ಟೆಯ ಅಂಚಿಗೆ ಸರಿಸಿ, ಉಪ್ಪಿನಕಾಯಿ ಕೇಳಿದರು. "ನೀನು ನಕ್ಷೆಯೇ ಬರಿ ಮಾರಾಯ," ಎಂದರು. ವಿಸಿಲ್ ಲೆಕ್ಕ ಯಾರದೆಂದು ನಾನು ನೆನಪಿಸಲಿಲ್ಲ. ಆದರೆ ಅಂದು ಪಾತ್ರೆ ತೊಳೆಯುವಾಗ, ನಲವತ್ತೆರಡರ ಪ್ರಾಯದಲ್ಲೂ, ಕಣ್ಣು ತುಂಬಿದ್ದು ಮಾತ್ರ ಈರುಳ್ಳಿಯ ಪ್ರಭಾವವಲ್ಲ.

ಉಳಿದಿದ್ದ ಒಂದು ಕಿಲೋದ ಬಗ್ಗೆ ವಾರವಿಡೀ ಯೋಚಿಸಿದೆ. ಮಾಂಸದಲ್ಲಿ ಕೊಬ್ಬಿನ ಎಳೆಯೇ ಇಲ್ಲ ಎಂಬುದು ಬುಧವಾರ ಹೊಳೆಯಿತು. ಮೈಯಲ್ಲಿ ಜಿಡ್ಡಿಲ್ಲದವನನ್ನು ಉರಿಯಲ್ಲಿಟ್ಟು ಅವಸರಪಡಿಸಿದರೆ ಅವನು ಬಿಗಿದುಕೊಳ್ಳದೆ ಇನ್ನೇನು ಮಾಡಿಯಾನು? ಗುರುವಾರವೇ ಮೊಸರು, ಮೆಣಸು ಹಚ್ಚಿ ನೆನೆಯಿಟ್ಟೆ. ಶುಕ್ರವಾರ ಬೆಳಗಿನಿಂದ ದಪ್ಪ ತಳದ ಪಾತ್ರೆಯಲ್ಲಿ, ಧಾರಾಳ ತೆಂಗಿನೆಣ್ಣೆಯೊಂದಿಗೆ, ದೀಪದಷ್ಟು ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಬೇಯಿಸಿದೆ. ಕೊನೆಗೆ ಹುರಿದರೆದ ತೆಂಗಿನಕಾಯಿ.

ಜುಮಾ ನಮಾಜು ಮುಗಿಸಿ ಬಂದ ಮಾವ ಬಾಗಿಲಲ್ಲೇ ನಿಂತು ಮೂಗರಳಿಸಿದರು. ಅಕ್ಕಿರೊಟ್ಟಿ ಹರಿದು, ಒಂದು ತುಂಡನ್ನು ಎರಡು ಬೆರಳಲ್ಲಿ ಒತ್ತಿದರು; ಅದು ಎಳೆಎಳೆಯಾಗಿ ಬಿಡಿಸಿಕೊಂಡಿತು. ಎರಡನೇ ಸಲ ಬಡಿಸಿಕೊಂಡರು. ಮೂರನೇ ಸಲ ಕೈ ಪಾತ್ರೆಯತ್ತ ಹೋದಾಗ ಕೇಳಿದರು:

"ಎಷ್ಟು ವಿಸಿಲ್?"

"ಒಂದೂ ಇಲ್ಲ ಮಾಮ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವ ವ್ಯವಸ್ಥೆಯಿದ್ದರೆ ನಾನಂತೂ ತಡಮಾಡುತ್ತಿರಲಿಲ್ಲ.

ಸಂಜೆ ಡ್ಯೂಟಿಯಿಂದ ಬಂದ ಜುಬೈದಾಳಿಗೆ ಉಳಿದದ್ದು ಮಸಾಲೆ ಮಾತ್ರ. ಅದನ್ನೇ ರೊಟ್ಟಿಯಲ್ಲಿ ಒರೆಸಿ ತಿನ್ನುತ್ತಾ, "ಬಾಪ ಕೆಳಗಿನ ಮಹಡಿಯ ಎರಡು ಮನೆಯವರಿಗೆ ಮುಂದಿನ ಶುಕ್ರವಾರ ಊಟಕ್ಕೆ ಹೇಳಿ ಬಂದಿದ್ದಾರೆ, ಗೊತ್ತುಂಟಾ?" ಎಂದಳು. ಗೊತ್ತಿರಲಿಲ್ಲ.

ಆ ವಾರದ ಗುರುವಾರ ಸಂಜೆ, ಮಾಂಸ ನೆನೆಯಿಡಲು ಅಡುಗೆಮನೆಗೆ ಹೋದರೆ ಮಾವ ಆಗಲೇ ಅಂಗಿಯ ತೋಳು ಮಡಚಿ, ಕತ್ತಿ ಮಸೆದು, ಹೊಸ ಬೈಸನ್ ಪೊಟ್ಟಣ ಬಿಚ್ಚಿ, ಮರದ ಹಲಗೆಯ ಮುಂದೆ ನಿಂತಿದ್ದರು. ಜನ್ಮವಿಡೀ ಅಂಗಡಿಯ ಗಿರಾಕಿಗಳನ್ನು ಕೇಳುತ್ತಿದ್ದ ಅದೇ ವಿನಯದಲ್ಲಿ ನನ್ನತ್ತ ತಿರುಗಿದರು.

"ತುಂಡು ಎಷ್ಟು ದೊಡ್ಡದು ಬೇಕು, ಹೇಳು."